ಸಿಟ್ಟು ಇಳಿಯೋತನಕ

ಬನಹಟ್ಟಿಯ ಬಣ್ಣದ ಮನಿಯಾಗ
ಹನ್ನೆರಡು ವರ್ಷ ನೂಲು ಅದ್ದಿದ ಕೈ ಇವು.
ಅಂಗಡಿ ಸಾಬೂನಿನ ಮ್ಯಾಲಿನ ಹೆಸರು
ಮೂರು ಜಳಕಕ್ಕ ಅಳಿಸಿ ಹೋಗತಿತ್ತು,
ನೀಲಿ ಹೋಗತಿರಲಿಲ್ಲ;
ಬೆರಳಸಂದಿ ಮಾತ್ರ ಎರಿಹೊಲದಂಗ ಬಿರೀತಿತ್ತು.

ನೆಗೆಣ್ಣಿ ಶಿವಗಂಗವ್ವ
ಕುಸುಬಿ ಎಣ್ಣಿಗೆ ಕಾಸ್ಟಿಕ್ ನೀರು ಹೊಯ್ದು
“ದೂರ ನಿಂದ್ರು, ಸಿಟ್ಟಿನ್ಯಾಗೈತಿ” ಅಂದಳು.
ಬೆಲ್ಲದ ಅಚ್ಚಿನ್ಯಾಗ ಸುರುವಿ
ಮಾವನ ಹಳೀ ಮಗ್ಗದ ಹಲಗಿ ಮ್ಯಾಲೆ
ನಲವತ್ತು ದಿನ ಇಟ್ಟಳು.

ನಡುನಡುವ ತುದಿನಾಲಿಗಿ ಹಚ್ಚಿ ನೋಡತಿದ್ದಳು.
“ಚುರ್ ಅಂತು. ಇನ್ನೂ ಎಂಟು ದಿನ.”

“ಅಂಗಡ್ಯಾಗ ಹತ್ತು ರೂಪಾಯಿಗೆ ಸಿಗತೈತಲ್ಲ?”
“ಅದರಾಗಿನ ಗ್ಲಿಸರಿನ್ ಹಿಂಡಿಕೊಂಡು
ಬ್ಯಾರೆ ಡಬ್ಬ್ಯಾಗ ತುಂಬತಾರ.
ಬಿರಿದ ಕೈ ಹಿಡಕೊಂಡು
ಅದನ್ನ ಕೊಳ್ಳಾಕೂ ನಾವ ಹೋಗಬೇಕು.
ನಮ್ಮ ಹಾಲಿನ ಕೆನಿ ನಮಗ ಮಾರಿದಂಗ.”

ನಿನ್ನೆ ನನ್ನ ಪಾಲಿಗೊಂದು ತುಂಡು ಬಂತು.
ಮೂಲಿ ಸೊಟ್ಟ, ನೊರಿ ಕಡಿಮಿ, ಗಾಣದ ವಾಸನಿ.
ಹೆಸರಿಲ್ಲ; ಅಚ್ಚಿನ್ಯಾಗಿನ ಬೆಲ್ಲದ ಒಂದು ಕಲಿ ಐತಿ.
ನೀಲಿ ಇದಕ್ಕೂ ಹೋಗಲಿಲ್ಲ, ಸುಳ್ಳ್ಯಾಕ ಹೇಳಲಿ.

ರಾತ್ರಿ ಒರಳಾಗ
ಹಸಿ ಕೆಂಪು ಮೆಣಸಿನಕಾಯಿ ಕುಟ್ಟಿ
ರಂಜಕ ಕೈಲೇ ಬಳಿದು ಗಡಿಗಿಗೆ ತುಂಬಿದೆ.
ಚುರ್ ಅನ್ನಲಿಲ್ಲ.