ಹಸಿರು ದಾರ

ಕಲಬುರಗಿ ದವಾಖಾನಿ ರೆಕಾರ್ಡ್ ರೂಮಿನಾಗ
ನಂದು ಹನ್ನೊಂದು ವರ್ಷದ ಕೆಲಸ:
ಮನಷ್ಯಾರು ಹೋದಮ್ಯಾಲ ಉಳಿದ ಕಾಗದ ವಿಂಗಡಸೋದು.
ಸಕ್ಕರಿ ಜಡ್ಡಿಗೆ ಒಂದು ಕಪಾಟ, ಕಾಮಣಿಗೆ ಒಂದು,
ಹಾವು ಕಡದವರು ಕಿಟಕಿ ಬಾಜೂಕ,
ಮಳಿಗಾಲ ಬಂತಂದ್ರ ಅವರ ಗಂಟು ದಪ್ಪಾಗತದ.
ಕೆಮ್ಮು, ಜ್ವರ, ತೂಕ ಇಳಿಯೋದು: ಟೀಬಿ.
ಕೆಂಪು ದಾರ.

ದೊಡ್ಡ ಪುಸ್ತಕದಾಗ ಎಲ್ಲಾದಕ್ಕೂ ನಂಬರ ಅದ.
ಒಂದಕ್ಷರ, ಎರಡು ಅಂಕಿ, ಒಂದು ಚುಕ್ಕಿ;
ಚುಕ್ಕಿ ದಾಟಿದರ ಜಡ್ಡು ಇನ್ನಾ ಸಣ್ಣಗ ಸೀಳತದ.
ತೊಗರಿ ಸೀಮಿಯಾಕಿ ನಾನು, ನನಗಿದು ತಿಳೀತದ:
ಕಾಳು, ಬ್ಯಾಳಿ, ನುಚ್ಚು, ಹೊಟ್ಟು.
ಜರಡಿ ಕಣ್ಣು ಎಷ್ಟು ದೊಡ್ಡದೋ
ಜರಡಿ ನ್ಯಾಯಾನೂ ಅಷ್ಟೇ.

ಹೋದ ಚಳಿಗಾಲ ಕೆಂಪು ಗಂಟು ಹರಕೊಂಡು ಬಿತ್ತು.
ಕೂಡಸಕೋತ ಕುಂತಾಗ ಕಣ್ಣಿಗೆ ಬಿದ್ದದ್ದು
ಸಹಿ ಜಾಗದಾಗಿನ ಹೆಬ್ಬೆಟ್ಟು.
ದರ್ಜಿ ಗಫೂರಂದು: ಗೆರಿ ಸುತ್ತ ಗೆರಿ, ಬಾವಿಗೆ ಕಲ್ಲು ಒಗದಂಗ.
ಮಾಪಣ್ಣಂದು: ಬರೇ ನೀಲಿ ಕಲಿ.
ಲಾಲಪ್ಪ, ಚಾಂದಬಿ, ಚಾಂದಬಿ ಮೈದುನ: ಬರೇ ನೀಲಿ.
ಗೆರಿನೇ ಇಲ್ಲ.
ವಿಳಾಸ ನೋಡಿದೆ. ಎಲ್ಲಾ ಶಹಾಬಾದ ಕಡೀದು.
ಆರು ತಿಂಗಳ ಗುಳಿಗಿ, ಮತ್ತ ಆರು ತಿಂಗಳ ಗುಳಿಗಿ,
ಕಫದಾಗ ಏನೂ ಸಿಕ್ಕಿಲ್ಲ.
ಅದನ್ನೂ ಬರದಾರ, ಕಡೀ ಸಾಲಿನಾಗ, ಸಣ್ಣಕ್ಷರದಾಗ.
ಹತ್ತೊಂಬತ್ತು ಮಂದಿ.

ಬೆರಳ ಗೆರಿ ಫರಸಿಕಲ್ಲು ತಿಂದಾದ,
ಎದಿ ತಿಂದದ್ದು ಏನಂತ ಕಾಗದ ಕೇಳಿಲ್ಲ.
'ಕೆಲಸ' ಅಂತ ಒಂದು ಖಾನಿ ಅದ ಖರೆ.
ಹತ್ತೊಂಬತ್ತರಾಗೂ ಒಂದೇ ಮಾತು: ಕೂಲಿ.
ಯಾವ ಕೂಲಿ?
ಖಾನಿ ಅಷ್ಟು ಉದ್ದ ಇಲ್ಲ.

ನಾನು ಡಾಕ್ಟರಲ್ಲ. ಪೀಯೂಸಿ, ಅದೂ ಫೇಲು.
ಟೇಬಲ್ಲಿನಾಗ ಹಸಿರು ದಾರ ಇತ್ತು, ಅದರಲೆ ಕಟ್ಟಿದೆ.
ಮೂರು ತಿಂಗಳು ಯಾರೂ ಕೇಳಲಿಲ್ಲ.
ಎದಿ ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರಮ್ಮ
ಬ್ಯಾರೇದೇನೋ ಹುಡಕಲಿಕ್ಕೆ ಬಂದಾಕಿ ಕೇಳಿದಳು:
"ಇದ್ಯಾವ ಕೋಡು, ಕಾಶೀಬಾಯಿ?"
"ಗೆರಿ ಇಲ್ಲದವರದು, ಮೇಡಂ."

ಆಕಿ ನಗತಾಳಂತ ತಿಳದಿದ್ದೆ.
ಕುರ್ಚಿ ಸರಿಸಿ ನೆಲಕ್ಕ ಕುಂತಳು, ಗಂಟು ಬಿಚ್ಚಿದಳು,
ಹತ್ತೊಂಬತ್ತೂ ಎಕ್ಸರೇ ಲೈಟಿಗೆ ಹಿಡದು ನೋಡಿದಳು.
ಚಾ ತರಸಿದ್ದೆ, ಆರಿಹೋಯ್ತು.
ನೋಡಕೋತ ನೋಡಕೋತ ಆಕಿ
ಇನ್ನೊಂದು ಕೈಲೆ ನೆಲ ಸವರತಿದ್ದಳು, ಗೊತ್ತಿಲ್ಲದಂಗ.

ಮೇ ತಿಂಗಳು. ನೆಲ ಮಾತ್ರ ತಣ್ಣಗ.
ಫರಸಿ.
ಯಾರೋ ನುಣ್ಣಗ ತಿಕ್ಕಿದ್ದು.