ಇರಿ

ಉಪ್ಪಳದಿಂದ ಕಣ್ಣೂರಿಗೆ ವರ್ಗವಾದಾಗ
ಪೊಲೀಸು ಸುಕುಮಾರನ್ ಬಿಟ್ಟುಹೋದದ್ದು
ಅರ್ಧ ಚೀಲ ಕುಚ್ಚಲಕ್ಕಿ, ಒಂದು ಸರಪಳಿ,
ಸರಪಳಿಯ ತುದಿಯಲ್ಲಿ ಕುಟ್ಟು.

“ಇರಿ ಅಂದರೆ ಕೂರ್ತದೆ, ಟೀಚರೇ.”

ಹೆಸರು ಕುಟ್ಟು, ಆಜ್ಞೆ ಇರಿ!
ನನ್ನ ಕನ್ನಡದಲ್ಲಿ ಎರಡೂ
ಹೊಡೆದಾಟದ ಕೇಸು.

ಭಾಷೆ ತಿದ್ದಲು ಹೊರಟೆ.
ಬೆರಳ ತುದಿಯಲ್ಲಿ ಒಣಮೀನಿನ ತಲೆ,
“ಕೂತ್ಕೋ.”
ಬಾಯಿ ನೋಡಲಿಲ್ಲ ಅದು, ನನ್ನ ಭುಜ ನೋಡಿತು.
“ಕೂತ್ಕೋ!”
ಮುಖ ತಿರುಗಿಸಿ ಆಕಳಿಸಿತು.
ಸೋಮಾರಿ, ಎಂದೆ.

ಮೀನಿನ ಬಾಗಿಯಕ್ಕ ಬುಟ್ಟಿ ಇಳಿಸಿ ನಕ್ಕಳು:
“ನಿದ್ದೆ ಅಲ್ಲ ಮಾರಾಯ್ತಿ, ಅದು ಹೆದರಿಕೆ.
ನಿಮ್ಮ ಸ್ವರದಲ್ಲಿ ಬೆತ್ತ ಉಂಟು.”

ಮೂವತ್ತೊಂದು ವರ್ಷ ಒಂದನೇ ಕ್ಲಾಸು.
ಮಗ್ಗಿ ಒಪ್ಪಿಸಲು ನಿಂತವರು
ಎಷ್ಟು ಮಂದಿ ಆಕಳಿಸಿದ್ದರು.
ಅಷ್ಟೂ ಮಂದಿಯನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ಆ ಸಂಜೆ ಒಣಮೀನು ಬೆಕ್ಕಿನ ಪಾಲಾಯಿತು.
ಚಪ್ಪಲಿ ಮೆಟ್ಟುತ್ತಿದ್ದ ಅತ್ತಿಗೆಗೆ
“ಇರಿ, ಚಾ ಕುಡಿದು ಹೋಗಿ” ಅಂದೆ,
ಮೆತ್ತಗೆ, ಅಭ್ಯಾಸದಂತೆ.

ಅವರಿಗೆ ಐದೂಕಾಲರ ಬಸ್ಸು. ಹೋದರು.

ಹೊಸ್ತಿಲಲ್ಲಿ ಕುಟ್ಟು
ಕೂತೇ ಇತ್ತು,
ಬಾಲದಲ್ಲಿ ಅಂಗಳದ ಮಣ್ಣು ಗುಡಿಸುತ್ತ.

ಅಂದಿನಿಂದ ನಮ್ಮಲ್ಲಿ
ನಾಯಿಗೂ ಬಹುವಚನ.