ಸೀಟಿನ ಹಳಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ
ತ್ರೆಸ್ ಅರೋಯೋಸ್ ಊರಾಚೆ, ಮೂರನೇ ಹೆದ್ದಾರಿಯ
ಪೆಟ್ರೋಲ್ ಬಂಕಿನ ಹಿಂದೆ
ಬಾನೆಟ್ಟುಗಳು ಬಾಯಿ ತೆರೆಯುತ್ತವೆ.
ಆಮೇಲೆ ಗಂಡಸರು.

ನೀಲ್ಸ್ ಓಸ್ಟರ್‌ಗಾರ್ಡನ ಕೆಂಪು ಫಿಯೆಟ್
ಹದಿನೇಳು ವರ್ಷ ಗೋಧಿಯ ಕೆಳಗೆ ಹೂತಿತ್ತಂತೆ;
ಈಗಲೂ ಗಕ್ಕನೆ ಬ್ರೇಕ್ ಒತ್ತಿದರೆ
ಎಲ್ಲಿಂದಲೋ ನಾಲ್ಕು ಕಾಳು ಉದುರುತ್ತವೆ.
ಫೆರ್ಮಿನನ ಷೆವಿಗೆ ಒಬ್ಬರಾದ ಮೇಲೊಬ್ಬರು ಮೂವರು ಒಡೆಯರು,
ಮೂವರೂ ಕಟ್ಟಿಕೊಂಡದ್ದು ಒಬ್ಬಳನ್ನೇ.
ಅವಳು ಮಾತ್ರ ಇವತ್ತಿಗೂ ಬಸ್ಸಲ್ಲೇ ಓಡಾಡುವುದು.

ಕೊನೆಗೆ ಅಬೆಲಾರ್ದೋ ಇರಿಯಾರ್ತೆ.
ಆರಡಿಯ ಆಳು, ಬಿಳಿಯ ತೊರಿನೋ.
ಎಪ್ಪತ್ತೊಂದರ ಜುಲೈ, ಹುಲ್ಲಿನ ಮೇಲೆಲ್ಲ ಮಂಜು,
ಬಾಹಿಯಾ ಬ್ಲಾಂಕಾದಿಂದ ಇಲ್ಲಿಯವರೆಗೆ
ಮೂರು ಕಾರ್ಬುರೇಟರು ಒಟ್ಟಿಗೆ ಉಸಿರೆಳೆದವು ನೋಡಿ,
ಬಯಲಿನ ಗಾಳಿಯೇ ಸಾಲದೆ ಹೋಯಿತು ಎನ್ನುತ್ತಾನೆ.
ನಾನು ಮೊದಲ ಸಲ ಕೇಳಿದಾಗ
ಒಂದು ಗಂಟೆ ಹನ್ನೆರಡು ನಿಮಿಷ.
ಹೋದ ವರ್ಷ ಒಂದು ಗಂಟೆ ಐದು.
ಈಚೆಗೆ ಐವತ್ತೊಂಬತ್ತಕ್ಕೆ ಇಳಿದಿದೆ.
ಇವನು ಇನ್ನೂ ಹತ್ತು ವರ್ಷ ಬದುಕಿದರೆ
ಹೊರಡುವ ಮೊದಲೇ ಬಂದು ಮುಟ್ಟಿರುತ್ತಾನೆ.

ನಾನು ಸೀಟು ಹೊಲಿಯುವವಳು.
ಅಪ್ಪನ ಬಾಗುಸೂಜಿ, ಅಪ್ಪನದೇ ಮೇಣದ ಉಂಡೆ.
ಎಂಜಿನ್ನಿನ ಕತೆ ಎಂಜಿನ್ನಿನವರಿಗೆ ಇರಲಿ;
ನನಗೆ ಕಾಣುವುದು
ಕೂತವರ ಭಾರ ಎಲ್ಲಿ ಬಿತ್ತು ಅನ್ನುವುದು.
ಚರ್ಮ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ,
ಉಪ್ಪುಖಾರ ಹಚ್ಚುವುದಿಲ್ಲ.

ಹೋದ ಮಾರ್ಚಿನಲ್ಲಿ ತೊರಿನೋ ನನ್ನ ಕೊಟ್ಟಿಗೆಗೆ ಬಂತು.
ಚಾಲಕನ ಸೀಟು ಬಿಚ್ಚಲು ಹೋದೆ, ಬರಲಿಲ್ಲ.
ಹಳಿಯ ತುತ್ತತುದಿಗೆ, ಸ್ಟಿಯರಿಂಗಿಗೆ ಆತುಕೊಂಡು
ತುಕ್ಕು ಹಿಡಿದು ಕೂತುಬಿಟ್ಟಿತ್ತು.
ಹಿಂದಿನ ಉಳಿದ ಹಳಿ
ಕಾರ್ಖಾನೆಯ ಗ್ರೀಸಿನಲ್ಲಿ ಹಾಗೇ ಹೊಳೆಯುತ್ತಿತ್ತು,
ಯಾರೂ ತುಳಿಯದ ಮೆಟ್ಟಿಲಿನ ಹಾಗೆ.
ಪೆಡಲಿನ ಕೆಳಗೆ ಕಾರ್ಪೆಟ್ಟಿನಲ್ಲಿ ಒಂದು ತೂತು,
ಕಾಸಿನಗಲ ಕೂಡ ಇಲ್ಲ: ಹೆಣ್ಣಿನ ಚಪ್ಪಲಿಯ ಹಿಮ್ಮಡಿ.
ಸ್ಪ್ರಿಂಗುಗಳ ನಡುವೆ ಹೇರ್‌ಪಿನ್ನುಗಳು.
ಎಣಿಸಿದೆ, ಹದಿನಾಲ್ಕು.

ಎರ್ಮೆಲಿಂದಾ ಇರಿಯಾರ್ತೆ
ಅಬೆಲಾರ್ದೋನ ಎದೆಯಷ್ಟೇ ಎತ್ತರ.
ಭಾನುವಾರ ಮಡಚುವ ಕುರ್ಚಿಯಲ್ಲಿ ಕೂತು
ಎಲ್ಲರಿಗೂ ಮಾತೆ ಬಗ್ಗಿಸಿ ಕೊಡುತ್ತಾಳೆ.
ಅವಳ ಕೈಯಲ್ಲಿ ಫ್ಲಾಸ್ಕು ಅಲುಗುವುದಿಲ್ಲ.

ಆವತ್ತು ಕೇಳಿಯೇಬಿಟ್ಟೆ ಅವನನ್ನು:
ತುಕ್ಕು ತೆಗೆದಿದ್ದೇನೆ, ಸೀಟು ಹಿಂದೆ ಸರಿಸಲೇ,
ಮಂಡಿ ನೋಯುವುದಿಲ್ಲವೇ ನಿಮಗೆ?
ಅವನು ಟೋಪಿ ತೆಗೆದು ಅದರ ಒಳಗೆ ನೋಡಿದ.
‘ಇದ್ದ ಹಾಗೇ ಇರಲಿ’ ಅಂದ.

ಹಾಗೆಂದು ನಲವತ್ತು ವರ್ಷದಿಂದ
ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಓಡಿಸುತ್ತಾನೆ.
ಮಿಡತೆ ಅನ್ನುತ್ತಾರೆ ಹುಡುಗರು.
ಅವಳಿಗೆ ಆಗ ಲೈಸೆನ್ಸು ಇರಲಿಲ್ಲವೋ,
ಪೊಲೀಸಿನವರಿಗೆ ಇವನು ಹೇಳಿದ ಸುಳ್ಳು
ಹೇಳಿ ಹೇಳಿ ಕತೆಯಾಯಿತೋ,
ಅಥವಾ ಸುಮ್ಮನೆ, ಯಾರು ನಂಬುತ್ತಿದ್ದರು,
ಎಪ್ಪತ್ತೊಂದರಲ್ಲಿ.
ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ.
ಪಿನ್ನುಗಳನ್ನು ಇದ್ದಲ್ಲೇ ಇಟ್ಟು
ಮೇಲೆ ಹೊಲಿದೆ. ಒಂದನ್ನು ಬಿಟ್ಟು.

ಮೊನ್ನೆ ಭಾನುವಾರ ಅವನು ಮತ್ತೆ ಶುರುಮಾಡಿದ.
ಐವತ್ತೆಂಟು ನಿಮಿಷ ಅಂದ.
ಎರ್ಮೆಲಿಂದಾ ಫ್ಲಾಸ್ಕಿನ ಮುಚ್ಚಳ ತಿರುವಿದಳು.
‘ಒಂದು ಗಂಟೆ ಹದಿನೆಂಟು,
ದೊರ್ರೆಗೋದ ರೈಲುಗೇಟಿನಲ್ಲಿ ನಿಂತ ನಾಲ್ಕು ನಿಮಿಷ ಸೇರಿಸಿ’ ಅಂದಳು.
‘ಅಲ್ಲಿ ನೀನು ಕಣ್ಣು ಬಿಟ್ಟೆ.’

ಯಾರೋ ನಕ್ಕರು. ನೀಲ್ಸ್ ನಗಲಿಲ್ಲ.
ಅಬೆಲಾರ್ದೋ ತನ್ನ ಕಾರಿನ ಮೂಗಿನ ಮೇಲಿನ ಗೂಳಿಯನ್ನು
ಅಂಗಿಯ ತೋಳಿನಿಂದ ಒರೆಸುತ್ತ,
‘ಹೌದು, ಗೇಟು ಹಾಕಿತ್ತು’ ಅಂದ,
‘ದನದ ಗಾಡಿ. ಮೂವತ್ತಾರು ಬೋಗಿ.’

ನಾನು ಜೇಬಿನಲ್ಲಿ ಪಿನ್ನು ತಿರುಗಿಸುತ್ತಿದ್ದೆ.
ಮಾತೆಯ ಸರದಿ ನನಗೆ ಬಂತು.
ಬಿಸಿಯಿತ್ತು, ತುಸು ಕಹಿ.